ರೂಟರ್ ಮೇಲೇಳದ ದಿನ ಊರಲ್ಲಿ ಯಾರಿರಬೇಕು?

ಪಹಣಿಗೋ ಜಾತಿ-ಆದಾಯ ಪ್ರಮಾಣಪತ್ರಕ್ಕೋ ಕೌಂಟರ್ ಮುಂದೆ ಸಾಲು ನಿಂತವರಿಗೆ ‘ಸರ್ವರ್ ಡೌನ್ ಐತೆ, ನಾಳೆ ಬನ್ನಿ’ ಎಂಬ ಉತ್ತರ ಹೊಸದೇನಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದವರು ಮರುಮಾತಾಡದೆ ಹಿಂದಿರುಗುತ್ತಾರೆ. ಎಷ್ಟೋ ಸಲ ಆ ಹೊತ್ತಿನಲ್ಲಿ ಬೆಂಗಳೂರಿನ ಸರ್ವರ್ ಚೆನ್ನಾಗಿಯೇ ಓಡುತ್ತಿರುತ್ತದೆ. ಕೆಟ್ಟಿರುವುದು ನಡುದಾರಿ. ಎಲ್ಲೋ ರಸ್ತೆ ಅಗಲ ಮಾಡುವ ಜೆಸಿಬಿ ಫೈಬರ್ ಹರಿದಿರುತ್ತದೆ, ಇಲ್ಲವೇ ಕಚೇರಿಯ ಮೂಲೆಯ ಕಬ್ಬಿಣದ ರ‍್ಯಾಕ್‌ನಲ್ಲಿರುವ ರೂಟರ್ ಕರೆಂಟ್ ಹೋಗಿ ಬಂದ ಮೇಲೆ ಮೇಲೆದ್ದಿರುವುದಿಲ್ಲ.

ಫೈಬರ್ ಹರಿದರೆ ಅದನ್ನು ಬೆಸೆಯುವ ತಂಡವೇ ಬರಬೇಕು. ಈ ಲೇಖನ ಅದರ ಬಗ್ಗೆ ಅಲ್ಲ. ರೂಟರ್ ಮೇಲೇಳದಿದ್ದಾಗ ಏನಾಗಿರುತ್ತದೆ, ಅದನ್ನು ಎಬ್ಬಿಸುವ ವಿದ್ಯೆ ಯಾವುದು, ಆ ವಿದ್ಯೆ ಬಲ್ಲವರು ಚಳ್ಳಕೆರೆ, ಮೊಳಕಾಲ್ಮುರಿನಂತಹ ಊರುಗಳಲ್ಲೇ ಏಕೆ ಇರಬೇಕು ಎಂಬುದು ನನ್ನ ವಿಷಯ.

ಮೊದಲು ದಾರಿಯನ್ನು ನೋಡೋಣ. ರಾಜ್ಯ ಸರ್ಕಾರದ ಕೆ-ಸ್ವಾನ್ ಜಾಲ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಅಲ್ಲಿಂದ ಕೆಳಗೆ ಹೋಬಳಿಗಳಿವೆ: ಚಳ್ಳಕೆರೆ ತಾಲ್ಲೂಕಿನ ತಳಕು, ನಾಯಕನಹಟ್ಟಿ, ಪರಶುರಾಂಪುರ, ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರ. 2011ರಲ್ಲಿ ಕೇಂದ್ರ ಸಂಪುಟ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಫೈಬರ್ ತಾಲ್ಲೂಕು ಕೇಂದ್ರದಿಂದ ಗ್ರಾಮ ಪಂಚಾಯಿತಿಗೆ ಹೋಗುತ್ತದೆ. ಬ್ಯಾಂಕುಗಳಿಗೆ ಅವುಗಳದ್ದೇ ಖಾಸಗಿ ದಾರಿ. ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಲಾರಿ ಹೊರಡಬೇಕಾದರೂ ಇ-ವೇ ಬಿಲ್ ಬೇಕು. ಮಿಲ್ಲಿನವರು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಆ ಕೆಲಸ ಮುಗಿಸಿಬಿಡಬಹುದು. ಬ್ಯಾಂಕಿನ ಕ್ಯಾಷಿಯರ್‌ಗೆ, ಸರ್ಕಾರಿ ಜಾಲದೊಳಗೇ ಕೆಲಸ ಮಾಡಬೇಕಾದ ಗುಮಾಸ್ತರಿಗೆ ಆ ಅನುಕೂಲವಿಲ್ಲ. ಅವರ ದಾರಿ ಒಂದೇ, ಅದು ರೂಟರ್ ಮೂಲಕವೇ ಹೋಗಬೇಕು.

ಈ ಸೀಮೆಗೆ ಇಂತಹ ಸಂದೇಶದ ದಾರಿ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವನ್ನು 1892ರಲ್ಲಿ ಪತ್ತೆ ಮಾಡಿದರು. ಚಕ್ರವರ್ತಿಯ ಮಾತು ನೇರವಾಗಿ ಇಲ್ಲಿಗೆ ಬರಲಿಲ್ಲ. ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮೂಲಕ ಈ ಕಡೆಯ ಇಸಿಲದ ಮಹಾಮಾತ್ರರಿಗೆ, ಕ್ಷೇಮ ವಿಚಾರಿಸಿಯೇ, ದಾಟಿಸಲಾಯಿತು. ಶಾಸನದ ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ವೃತ್ತಿಯನ್ನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಗುರುತಿಸಿಕೊಂಡಿದ್ದಾನೆ. ಆಜ್ಞೆ ಎಷ್ಟು ದೂರದಿಂದ ಬಂದರೂ ಕೊನೆಯ ಮೆಟ್ಟಿಲಲ್ಲಿ ಕಲ್ಲಿನ ಮುಂದೆ ಕೂರಬಲ್ಲ, ಅಕ್ಷರ ಬಲ್ಲ ಒಬ್ಬ ಮನುಷ್ಯ ಬೇಕಿತ್ತು. ರೂಟರ್‌ನ ವಿಷಯದಲ್ಲೂ ಅಷ್ಟೇ.

ರೂಟರ್ ಎಂದರೆ ಒಂದು ಕಂಪ್ಯೂಟರೇ. ಪರದೆ, ಕೀಲಿಮಣೆ ಇಲ್ಲ ಅಷ್ಟೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲೆನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ದಂಪತಿ 1984ರಲ್ಲಿ ಕಟ್ಟಿದ ಸಿಸ್ಕೊ ಕಂಪನಿಯ ರೂಟರ್‌ಗಳು ಪ್ರಪಂಚದ ತುಂಬ ಹರಡಿರುವುದರಿಂದ ಅವನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಅದರೊಳಗೆ ನಾಲ್ಕು ಬಗೆಯ ಮೆಮೊರಿ ಇರುತ್ತದೆ. ರಾಮ್‌ನಲ್ಲಿ ಆ ಹೊತ್ತಿನ ಕೆಲಸ ನಡೆಯುತ್ತದೆ, ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಫ್ಲ್ಯಾಶ್‌ನಲ್ಲಿ ಐಒಎಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಕಡತ ಇರುತ್ತದೆ (ಐಫೋನಿನ ಐಒಎಸ್ ಬೇರೆ, ಇದು ಬೇರೆ). ಎನ್‌ವಿರಾಮ್ ಎಂಬ ಪುಟ್ಟ ಜಾಗದಲ್ಲಿ ಆ ಕಚೇರಿಯ ಸೆಟ್ಟಿಂಗ್‌ಗಳೆಲ್ಲ ಇರುತ್ತವೆ: ಯಾವ ಪೋರ್ಟಿಗೆ ಯಾವ ವಿಳಾಸ, ಪಾಸ್‌ವರ್ಡ್ ಏನು ಎಂಬುದೆಲ್ಲ. ನಾಲ್ಕನೆಯದು ರಾಮ್ ಅಲ್ಲ, ರೋಮ್. ಅದರಲ್ಲಿ ಕಾರ್ಖಾನೆಯಲ್ಲೇ ಕೂರಿಸಿದ ಒಂದು ಚಿಕ್ಕ ಪ್ರೋಗ್ರಾಮ್ ಇರುತ್ತದೆ. ಅದೇ ರೋಮ್ ಮಾನಿಟರ್. ಕೆಲಸಗಾರರ ಬಾಯಲ್ಲಿ ರಾಮ್‌ಮಾನ್.

ಸ್ವಿಚ್ ಒತ್ತಿದ ಕೂಡಲೇ ಮೊದಲು ಏಳುವುದು ಈ ರಾಮ್‌ಮಾನ್. ಮೆಮೊರಿ, ಪೋರ್ಟು, ಪ್ರೊಸೆಸರ್ ಸರಿಯಾಗಿವೆಯೇ ಎಂದು ನೋಡುತ್ತದೆ. ಆಮೇಲೆ ಫ್ಲ್ಯಾಶ್‌ನಲ್ಲಿ ಐಒಎಸ್ ಕಡತ ಹುಡುಕಿ, ಸಂಕುಚಿಸಿಟ್ಟಿದ್ದನ್ನು ಬಿಚ್ಚಿ ರಾಮ್‌ಗೆ ಇಳಿಸುತ್ತದೆ. ಆ ಹೊತ್ತಿನಲ್ಲಿ ರೂಟರ್‌ಗೆ ಜೋಡಿಸಿದ ಕಂಪ್ಯೂಟರಿನ ಪರದೆಯ ಮೇಲೆ ಹ್ಯಾಷ್ ಚಿಹ್ನೆಗಳು ಸಾಲಾಗಿ ಓಡುತ್ತವೆ. ಐಒಎಸ್ ಎದ್ದ ಮೇಲೆ ಎನ್‌ವಿರಾಮ್‌ನಿಂದ ಸೆಟ್ಟಿಂಗ್ ಓದಿಕೊಂಡು ದಾರಿ ತೆರೆಯುತ್ತದೆ. ಎಲ್ಲ ಸರಿಯಿದ್ದರೆ ಇಷ್ಟೂ ಕೆಲವೇ ನಿಮಿಷದ ಕೆಲಸ, ರಾಮ್‌ಮಾನ್ ಅಲ್ಲಿದೆ ಎಂಬುದೇ ಯಾರಿಗೂ ಗೊತ್ತಾಗುವುದಿಲ್ಲ.

ಸರಿಯಿಲ್ಲದಿದ್ದರೆ? ಐಒಎಸ್ ಕಡತ ಕೆಟ್ಟಿದ್ದರೆ, ಅಪ್‌ಗ್ರೇಡ್ ಮಾಡುವಾಗ ನಡುವೆ ಕರೆಂಟ್ ಹೋಗಿ ಅರ್ಧ ಕಡತವೇ ಉಳಿದಿದ್ದರೆ, ಫ್ಲ್ಯಾಶ್ ಕಾರ್ಡೇ ಸಡಿಲವಾಗಿದ್ದರೆ, ರಾಮ್‌ಮಾನ್ ಮುಂದೆ ಹೋಗಲಾರದೆ ಅಲ್ಲೇ ನಿಲ್ಲುತ್ತದೆ. ಪರದೆಯ ಮೇಲೆ ‘ರಾಮ್‌ಮಾನ್ 1’ ಎಂದು ಬರೆದು, ಪಕ್ಕದಲ್ಲಿ ಒಂದು ಬಾಣದ ತುದಿ ಇಟ್ಟು ಕಾಯುತ್ತದೆ. ಒಂದು ಆಜ್ಞೆ ಕೊಟ್ಟರೆ ಅಂಕಿ 2 ಆಗುತ್ತದೆ, ಇನ್ನೊಂದಕ್ಕೆ 3. ಮೊದಲ ಸಲ ನೋಡಿದವರು ಪೆಟ್ಟಿಗೆ ಸತ್ತೇಹೋಯಿತು ಎಂದುಕೊಳ್ಳುತ್ತಾರೆ. ಸತ್ತಿಲ್ಲ. ಸತ್ತಿದ್ದರೆ ಇದೂ ಬರುತ್ತಿರಲಿಲ್ಲ. ತಾನು ಇನ್ನೂ ಮಾತಾಡಬಲ್ಲೆ, ಮುಂದೇನು ಹೇಳಿ ಎಂದು ಕೇಳುತ್ತಿರುತ್ತದೆ.

ತೊಡಕಿರುವುದು ಇಲ್ಲೇ. ರೂಟರ್ ಈ ಸ್ಥಿತಿಯಲ್ಲಿದ್ದಾಗ ಜಾಲದ ಮೂಲಕ ಯಾರೂ ಅದನ್ನು ಮುಟ್ಟಲಾರರು. ಬೆಂಗಳೂರಿನಲ್ಲಿ ಕುಳಿತ ಎಂಜಿನಿಯರ್ ಎಷ್ಟೇ ದೊಡ್ಡ ಪರಿಣತರಾಗಿರಲಿ, ಅವರು ಬರಬೇಕಾದ ದಾರಿಯೇ ಆ ರೂಟರ್. ಚಳ್ಳಕೆರೆಗೆ ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ಮೊಳಕಾಲ್ಮುರು ಅದಕ್ಕೂ ಆಚೆ, ಆಂಧ್ರದ ರಾಯದುರ್ಗದ ಪಕ್ಕ. ಎಂಜಿನಿಯರ್ ಹೊರಟು ಬರುವಷ್ಟರಲ್ಲಿ ದಿನ ಮುಗಿದಿರುತ್ತದೆ. ಹಾಗಾಗಿ ಇಂತಹ ದಿನಗಳಲ್ಲಿ ಕೆಲಸ ನಡೆಯುವುದು ಫೋನಿನಲ್ಲಿ.

‘ಏನು ಕಾಣ್ತಿದೆ ಹೇಳಿ.’

‘ಹಸಿರು ಲೈಟ್ ಮಿಣಕ್ ಮಿಣಕ್ ಅಂತೈತೆ ಸಾರ್.’

‘ಲೈಟ್ ಬಿಡಿ. ಕನ್ಸೋಲ್ ಹಾಕಿದ್ದೀರಾ? ಪರದೆ ಮೇಲೆ ಏನು ಬಂದಿದೆ ಓದಿ.’

‘ಕನ್ಸೋಲ್ ಕೇಬಲ್ ನಮ್ಮತ್ರ ಇಲ್ಲ ಸಾರ್.’

ಮಾತು ಅಲ್ಲಿಗೆ ಮುಗಿಯುತ್ತದೆ. ಇಂತಹ ಸಂಭಾಷಣೆ ರಾಜ್ಯದ ಎಷ್ಟು ತಾಲ್ಲೂಕುಗಳಲ್ಲಿ ನಡೆಯುತ್ತದೆಯೋ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ. ಲಕ್ಷಗಟ್ಟಲೆ ಬೆಲೆಯ ಜಾಲ ಕೆಲವೇ ನೂರು ರೂಪಾಯಿಯ ತಂತಿ ಇಲ್ಲದೆ ದಿನವಿಡೀ ಸುಮ್ಮನಿರುತ್ತದೆ.

ಕನ್ಸೋಲ್ ಕೇಬಲ್ ಎಂದರೆ ತಿಳಿನೀಲಿ ಬಣ್ಣದ ಚಪ್ಪಟೆ ತಂತಿ. ಒಂದು ತುದಿ ರೂಟರ್‌ನ ಕನ್ಸೋಲ್ ಪೋರ್ಟಿಗೆ, ಇನ್ನೊಂದು ತುದಿ ಕಂಪ್ಯೂಟರಿನ ಒಂಬತ್ತು ಸೂಜಿಯ ಸೀರಿಯಲ್ ಪೋರ್ಟಿಗೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟೇ ಇಲ್ಲ, ಯುಎಸ್‌ಬಿಯಿಂದ ಸೀರಿಯಲ್‌ಗೆ ಮಾಡುವ ಕನ್ವರ್ಟರ್ ಬೇಕು. ಪುಟ್ಟಿ, ಟೆರಾ ಟರ್ಮ್ ಅಥವಾ ಲಿನಕ್ಸ್‌ನ ಮಿನಿಕಾಮ್ ತೆರೆದು ವೇಗ 9600, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್, ಫ್ಲೋ ಕಂಟ್ರೋಲ್ ಇಲ್ಲ ಎಂದು ಕೊಟ್ಟರೆ ಪೆಟ್ಟಿಗೆಯ ಮಾತು ಅಕ್ಷರವಾಗಿ ಕಾಣತೊಡಗುತ್ತದೆ. ಈ ತಂತಿಗೆ ಇಂಟರ್‌ನೆಟ್ ಬೇಡ, ಐಪಿ ವಿಳಾಸ ಬೇಡ. ಪೆಟ್ಟಿಗೆಯ ಮುಂದೆ ಒಬ್ಬ ಮನುಷ್ಯ ಇದ್ದರೆ ಸಾಕು.

ರಾಮ್‌ಮಾನ್‌ಗೆ ರೂಟರ್ ತಾನಾಗಿ ಬೀಳುವುದು ಒಂದು ಬಗೆ. ನಾವೇ ಬೇಕೆಂದು ಅಲ್ಲಿಗೆ ಕರೆದೊಯ್ಯುವುದು ಇನ್ನೊಂದು. ಪಾಸ್‌ವರ್ಡ್ ಮರೆತಾಗ, ಅಥವಾ ಪಾಸ್‌ವರ್ಡ್ ಗೊತ್ತಿದ್ದ ಗುತ್ತಿಗೆದಾರರು ಗುತ್ತಿಗೆ ಮುಗಿಸಿ ಹೋಗಿಯೇ ಬಿಟ್ಟಾಗ (ಇದು ಬಹಳ ಸಾಮಾನ್ಯ) ಎರಡನೆಯದು ಬೇಕಾಗುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿ, ಮೊದಲ ನಿಮಿಷದೊಳಗೆ ಬ್ರೇಕ್ ಕೊಡಬೇಕು. ಆಗ ಐಒಎಸ್ ಏಳುವುದು ನಿಂತು ರಾಮ್‌ಮಾನ್ ಕಾಣಿಸುತ್ತದೆ.

ಈ ಬ್ರೇಕ್‌ನ ಕಥೆ ಹೇಳದೆ ಮುಂದೆ ಹೋಗಲಾರೆ. ಬ್ರೇಕ್ ಎಂಬುದು ಅಕ್ಷರವಲ್ಲ, ತಂತಿಯ ಒಂದು ಸ್ಥಿತಿ. ತಂತಿಯಲ್ಲಿ ಒಂದು ಅಕ್ಷರ ಹೋಗುವಷ್ಟು ಹೊತ್ತಿಗಿಂತ ಹೆಚ್ಚು ಕಾಲ ಸೊನ್ನೆಯ ಮಟ್ಟವೇ ಉಳಿದರೆ ಆ ಕಡೆಯ ಯಂತ್ರ ಅದನ್ನು ಬ್ರೇಕ್ ಎಂದು ತಿಳಿಯುತ್ತದೆ. ತಂತಿ ಟಪಾಲಿನ ಕಾಲದಲ್ಲಿ ಎದುರಿನವರ ಮಾತು ತಡೆಯಬೇಕಾದರೆ ಸರ್ಕ್ಯೂಟನ್ನೇ ಮುರಿಯುತ್ತಿದ್ದರು, ಅದರ ಪಳೆಯುಳಿಕೆ ಇದು. ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ಮುಚ್ಚಿತು, ಅದರ ಈ ಸಂಜ್ಞೆ ಮಾತ್ರ ರೂಟರ್‌ನೊಳಗೆ ಇನ್ನೂ ಬದುಕಿದೆ.

ಈಗಿನ ಲ್ಯಾಪ್‌ಟಾಪ್ ಕೀಲಿಮಣೆಯಲ್ಲಿ ಬ್ರೇಕ್ ಕೀಲಿ ಇರುವುದಿಲ್ಲ. ಪುಟ್ಟಿಯ ಮೆನುವಿನಲ್ಲಿ ಬ್ರೇಕ್ ಕಳಿಸುವ ಆಯ್ಕೆ ಇದೆ, ಟೆರಾ ಟರ್ಮ್‌ನಲ್ಲಿ ಆಲ್ಟ್ ಜೊತೆ ಬಿ ಒತ್ತಬೇಕು. ಅಗ್ಗದ ಕನ್ವರ್ಟರ್ ಆದರೆ ಕೆಲವೊಮ್ಮೆ ಇದ್ಯಾವುದೂ ದಾಟುವುದಿಲ್ಲ. ಅದಕ್ಕೊಂದು ಸೊಗಸಾದ ಉಪಾಯ ಇದೆ, ಸಿಸ್ಕೊ ಕಂಪನಿಯೇ ಹೇಳಿಕೊಟ್ಟಿದ್ದು. ನಮ್ಮ ಕಡೆಯ ವೇಗವನ್ನು 9600ರಿಂದ 1200ಕ್ಕೆ ಇಳಿಸಿ, ರೂಟರ್ ಆನ್ ಮಾಡಿ, ಹತ್ತು-ಹದಿನೈದು ಸೆಕೆಂಡ್ ಸ್ಪೇಸ್ ಬಾರ್ ಒತ್ತುತ್ತಿರಬೇಕು. ಆಮೇಲೆ ವೇಗವನ್ನು ಮತ್ತೆ 9600 ಮಾಡಿದರೆ ರಾಮ್‌ಮಾನ್ ಎದುರಿಗೆ ಬಂದಿರುತ್ತದೆ.

ಇದು ಹೇಗೆ ನಡೆಯಿತು? ಸ್ಪೇಸ್ ಅಕ್ಷರ ಕಳಿಸುವಾಗ ತಂತಿಯಲ್ಲಿ ಮೊದಲು ಒಂದು ಸ್ಟಾರ್ಟ್ ಬಿಟ್, ಬಳಿಕ ಐದು ಸೊನ್ನೆ, ಆಮೇಲೆ ಒಂದು, ಮತ್ತೆ ಎರಡು ಸೊನ್ನೆ ಹೋಗುತ್ತವೆ. ಸ್ಟಾರ್ಟ್ ಬಿಟ್ಟೂ ಸೊನ್ನೆಯೇ. ಹೀಗೆ ಆರಂಭದಲ್ಲೇ ಆರು ಸೊನ್ನೆ ಒಟ್ಟಿಗೆ. 1200ರ ವೇಗದಲ್ಲಿ ಆರು ಬಿಟ್ ಎಂದರೆ 5 ಮಿಲಿಸೆಕೆಂಡ್. ಆ ಕಡೆ 9600ರ ವೇಗದಲ್ಲಿ ಕೇಳುತ್ತಿರುವ ರೂಟರ್‌ಗೆ ಒಂದು ಪೂರ್ತಿ ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ಐದು ಅಕ್ಷರದಷ್ಟು ಹೊತ್ತು ಸೊನ್ನೆಯೇ ಇದೆಯಲ್ಲ, ಇದು ಬ್ರೇಕೇ ಇರಬೇಕು ಎಂದು ಅದು ನಿಂತುಬಿಡುತ್ತದೆ. ಡಿಪ್ಲೊಮಾ ಓದುವ ಹುಡುಗ-ಹುಡುಗಿಯರಿಗೆ ಸೀರಿಯಲ್ ಸಂವಹನದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗ ನನಗೆ ಗೊತ್ತಿಲ್ಲ.

ರಾಮ್‌ಮಾನ್ ಸಿಕ್ಕಿತು. ಮುಂದೇನು? ಪ್ರಶ್ನಾರ್ಥಕ ಚಿಹ್ನೆ ಹಾಕಿ ಎಂಟರ್ ಒತ್ತಿದರೆ ಅದು ಬಲ್ಲ ಆಜ್ಞೆಗಳ ಪಟ್ಟಿ ಕೊಡುತ್ತದೆ. ಐಒಎಸ್‌ನಲ್ಲಿ ಸಾವಿರಾರು ಆಜ್ಞೆಗಳಿದ್ದರೆ ಇಲ್ಲಿ ಇರುವುದು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು. ಐಒಎಸ್ ಎದ್ದಿಲ್ಲದಿದ್ದರೆ ಮೊದಲು ಮಾಡಬೇಕಾದ ಕೆಲಸ ಫ್ಲ್ಯಾಶ್‌ನಲ್ಲಿ ಏನಿದೆ ಎಂದು ನೋಡುವುದು. ‘ಡಿಐಆರ್’ ಎಂದು ಟೈಪ್ ಮಾಡಿ ಜೊತೆಗೆ ಫ್ಲ್ಯಾಶ್‌ನ ಹೆಸರು ಕೊಟ್ಟರೆ ಕಡತಗಳು ಕಾಣುತ್ತವೆ. ಅಲ್ಲಿ ಐಒಎಸ್ ಕಡತ ಇದ್ದರೆ ‘ಬೂಟ್’ ಆಜ್ಞೆಯ ಜೊತೆ ಆ ಹೆಸರನ್ನು ಅಕ್ಷರ ತಪ್ಪದಂತೆ ಕೊಡಬೇಕು. ಬಹಳ ಸಲ ಇಷ್ಟಕ್ಕೇ ರೂಟರ್ ಎದ್ದು ಕೂರುತ್ತದೆ: ಕಡತ ಚೆನ್ನಾಗಿಯೇ ಇತ್ತು, ಸೆಟ್ಟಿಂಗ್‌ನಲ್ಲಿ ಅದರ ಹೆಸರು ತಪ್ಪಾಗಿ ಬರೆದಿದ್ದರು. ಅವಸರಪಟ್ಟು ಹೊಸ ಕಡತ ತುಂಬಲು ಹೊರಡುವ ಮುಂಚೆ ಈ ಹೆಜ್ಜೆ ಬಿಡಬಾರದು.

ಪಾಸ್‌ವರ್ಡ್‌ನ ಕೆಲಸ ಬೇರೆ. ಅದಕ್ಕೆ ಕಾನ್ಫಿಗರೇಷನ್ ರಿಜಿಸ್ಟರ್ ತಿಳಿದಿರಬೇಕು. ಎನ್‌ವಿರಾಮ್‌ನಲ್ಲಿ ಹದಿನಾರು ಬಿಟ್‌ಗಳ ಒಂದು ಸಂಖ್ಯೆ ಇರುತ್ತದೆ. ಹೇಗೆ ಏಳಬೇಕು ಎಂದು ರೂಟರ್‌ಗೆ ಹೇಳುವುದು ಅದು. ಸಾಮಾನ್ಯವಾಗಿ ಹೆಕ್ಸ್ ಲೆಕ್ಕದಲ್ಲಿ 2102. ಬಿಟ್‌ಗಳಾಗಿ ಬಿಡಿಸಿದರೆ 0010 0001 0000 0010. ಬಲತುದಿಯ ನಾಲ್ಕು ಬಿಟ್ ಎಲ್ಲಿಂದ ಏಳಬೇಕು ಎಂಬುದನ್ನು ಹೇಳುತ್ತವೆ. ಅವು ಸೊನ್ನೆಯಾದರೆ ರೂಟರ್ ಪ್ರತಿ ಸಲವೂ ರಾಮ್‌ಮಾನ್‌ನಲ್ಲೇ ನಿಲ್ಲುತ್ತದೆ. ಎರಡಾದರೆ ಮಾಮೂಲಿನಂತೆ ಫ್ಲ್ಯಾಶ್‌ನಿಂದ ಏಳುತ್ತದೆ. ಈಗ 2142 ನೋಡಿ: 0010 0001 0100 0010. ಒಂದೇ ಒಂದು ಬಿಟ್ ಬದಲಾಗಿದೆ, ಬಲದಿಂದ ಸೊನ್ನೆಯಿಂದ ಎಣಿಸಿದರೆ ಆರನೆಯದು. ಆ ಬಿಟ್ ಒಂದಾದರೆ ಎನ್‌ವಿರಾಮ್‌ನ ಸೆಟ್ಟಿಂಗ್ ಓದಬೇಡ, ಖಾಲಿಯಾಗಿ ಏಳು ಎಂದರ್ಥ. ಸೆಟ್ಟಿಂಗ್ ಓದದಿದ್ದರೆ ಪಾಸ್‌ವರ್ಡೂ ಇಲ್ಲ. ಸೆಟ್ಟಿಂಗ್ ಅಳಿಸಿಯೂ ಇಲ್ಲ, ತನ್ನ ಜಾಗದಲ್ಲಿ ಹಾಗೇ ಇದೆ.

‘ಕಾನ್ಫ್‌ರೆಗ್’ ಆಜ್ಞೆಯಿಂದ 2142 ಕೊಟ್ಟು, ‘ರೀಸೆಟ್’ ಮಾಡಿದರೆ ರೂಟರ್ ಹೊಸ ಪೆಟ್ಟಿಗೆಯಂತೆ ಏಳುತ್ತದೆ. ಆರಂಭಿಕ ಸೆಟ್ಟಿಂಗ್ ಮಾಡಲೇ ಎಂದು ಕೇಳುತ್ತದೆ, ಬೇಡ ಎನ್ನಬೇಕು. ನಂತರ ಎನ್‌ವಿರಾಮ್‌ನ ಸೆಟ್ಟಿಂಗನ್ನು ರಾಮ್‌ಗೆ ನಕಲು ಮಾಡಿಕೊಳ್ಳಬೇಕು. ಉಸಿರು ಬಿಗಿಹಿಡಿದು ಎರಡು ಸಲ ಓದಿ ಎಂಟರ್ ಒತ್ತಬೇಕಾದ ಜಾಗ ಇದು. ದಿಕ್ಕು ತಿರುಗಿಸಿ ರಾಮ್‌ನಿಂದ ಎನ್‌ವಿರಾಮ್‌ಗೆ ನಕಲು ಮಾಡಿದರೆ ಖಾಲಿ ಸೆಟ್ಟಿಂಗ್ ಹೋಗಿ ತುಂಬಿದ ಸೆಟ್ಟಿಂಗ್ ಮೇಲೆ ಕೂರುತ್ತದೆ, ವರ್ಷಗಳ ಕೆಲಸ ಒಂದು ಸೆಕೆಂಡಿನಲ್ಲಿ ಅಳಿಯುತ್ತದೆ. ನಕಲು ಸರಿಯಾಗಿ ಆದ ಮೇಲೆ ಹೊಸ ಪಾಸ್‌ವರ್ಡ್ ಕೊಡಬೇಕು. ಪೋರ್ಟುಗಳು ಮುಚ್ಚಿದ ಸ್ಥಿತಿಯಲ್ಲಿರುತ್ತವೆ, ಒಂದೊಂದನ್ನೂ ‘ನೋ ಶಟ್‌ಡೌನ್’ ಎಂದು ತೆರೆಯಬೇಕು. ಅನೇಕರು ಇಲ್ಲಿ ಗಾಬರಿಯಾಗುತ್ತಾರೆ, ಎಲ್ಲ ಸರಿಮಾಡಿದರೂ ನೆಟ್ ಬರುತ್ತಿಲ್ಲವಲ್ಲ ಎಂದು. ಪೋರ್ಟು ತೆರೆದಿಲ್ಲ, ಅಷ್ಟೆ.

ಕೊನೆಗೆ ರಿಜಿಸ್ಟರನ್ನು 2102ಕ್ಕೆ ಮರಳಿಸಿ ಎಲ್ಲವನ್ನೂ ಉಳಿಸಬೇಕು. ಇದನ್ನು ಮರೆತರೆ ಅವತ್ತು ಏನೂ ಆಗುವುದಿಲ್ಲ. ರೂಟರ್ ಓಡುತ್ತಿರುತ್ತದೆ, ಕಚೇರಿಯ ಕೆಲಸ ನಡೆಯುತ್ತಿರುತ್ತದೆ, ಎಲ್ಲರೂ ಚಹಾ ಕುಡಿದು ಮನೆಗೆ ಹೋಗುತ್ತಾರೆ. ತಿಂಗಳುಗಳ ಬಳಿಕ ಒಂದು ರಾತ್ರಿ ಗಾಳಿ-ಮಳೆಗೆ ಕರೆಂಟ್ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಮುಗಿಯುತ್ತದೆ. ಬೆಳಿಗ್ಗೆ ರೂಟರ್ ಮತ್ತೆ ಖಾಲಿಯಾಗಿ ಎದ್ದಿರುತ್ತದೆ. ಆ ಹೊತ್ತಿಗೆ ಅಂದು ಕೈ ಹಾಕಿದವರು ಎಲ್ಲೋ, ಕಾರಣ ಹುಡುಕುವವರು ಎಲ್ಲೋ.

ಐಒಎಸ್ ಕಡತವೇ ಇಲ್ಲದಿದ್ದಾಗಿನ ಕೆಲಸ ಇನ್ನೂ ಕಷ್ಟದ್ದು, ನನ್ನ ಮಟ್ಟಿಗೆ ಇನ್ನೂ ಸ್ವಾರಸ್ಯದ್ದು. ರಾಮ್‌ಮಾನ್‌ಗೆ ಹೊರಗಿನಿಂದ ಕಡತ ತರಿಸಿಕೊಳ್ಳಲು ಎರಡು ದಾರಿಗಳಿವೆ. ವೇಗದ ದಾರಿ ಟಿಎಫ್‌ಟಿಪಿ. ಲ್ಯಾಪ್‌ಟಾಪ್‌ನಲ್ಲಿ ಟಿಎಫ್‌ಟಿಪಿ ಸರ್ವರ್ ಓಡಿಸಿ, ಅದರಲ್ಲಿ ಐಒಎಸ್ ಕಡತ ಇಟ್ಟು, ನೆಟ್‌ವರ್ಕ್ ಕೇಬಲನ್ನು ರೂಟರ್‌ನ ಮೊದಲ ಈಥರ್‌ನೆಟ್ ಪೋರ್ಟಿಗೆ ಹಾಕಬೇಕು. ರಾಮ್‌ಮಾನ್‌ಗೆ ಐದು ಸಂಗತಿ ಹೇಳಬೇಕು: ತನ್ನ ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಸರ್ವರ್‌ನ ವಿಳಾಸ, ಕಡತದ ಹೆಸರು. ಹೆಸರುಗಳನ್ನು ದೊಡ್ಡಕ್ಷರದಲ್ಲೇ ಬರೆಯಬೇಕು, ಒಂದು ಅಡಿಗೆರೆ ತಪ್ಪಿದರೂ ಅದು ಕೇಳುವುದಿಲ್ಲ. ‘ಸೆಟ್’ ಎಂದರೆ ಕೊಟ್ಟಿದ್ದೆಲ್ಲ ಕಾಣುತ್ತದೆ, ಒಮ್ಮೆ ಸರಿನೋಡಿಕೊಳ್ಳಬೇಕು. ಬಳಿಕ ಟಿಎಫ್‌ಟಿಪಿಡಿಎನ್‌ಎಲ್‌ಡಿ ಎಂಬ ಎಂಟು ಅಕ್ಷರದ ಆಜ್ಞೆ. ಫ್ಲ್ಯಾಶ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಅದು ಕೇಳುತ್ತದೆ. ಫ್ಲ್ಯಾಶ್ ಮುಟ್ಟುವುದು ಬೇಡ ಎನಿಸಿದರೆ ಆಜ್ಞೆಯ ಕೊನೆಗೆ ಅಡ್ಡಗೆರೆ ಮತ್ತು ಆರ್ ಸೇರಿಸಿದರೆ ಕಡತ ಬರಿ ರಾಮ್‌ಗೆ ಇಳಿದು ಅಲ್ಲಿಂದಲೇ ಓಡುತ್ತದೆ. ಹೊಸ ಕಡತ ಸರಿಯಿದೆಯೇ ಎಂದು ಮೊದಲು ನೋಡಿ, ಆಮೇಲೆ ಶಾಶ್ವತವಾಗಿ ಬರೆಯುವವರಿಗೆ ಇದು ಒಳ್ಳೆಯ ದಾರಿ. ಕಡತ ಬರತೊಡಗಿದಾಗ ಪರದೆಯ ತುಂಬ ಆಶ್ಚರ್ಯಸೂಚಕ ಚಿಹ್ನೆಗಳು ಸಾಲುಗಟ್ಟುತ್ತವೆ.

ಇಲ್ಲೊಂದು ಹಳೆಯ ಗೋಡೆ ಎದುರಾಗುತ್ತದೆ. ಟಿಎಫ್‌ಟಿಪಿ 1980ರ ಸುಮಾರಿನ ಸರಳ ನಿಯಮಾವಳಿ. ಕಡತವನ್ನು 512 ಬೈಟ್‌ಗಳ ತುಂಡುಗಳಾಗಿ ಕಳಿಸುತ್ತದೆ, ತುಂಡಿನ ಸಂಖ್ಯೆ ಹದಿನಾರು ಬಿಟ್‌ನಲ್ಲಿ ಹಿಡಿಯಬೇಕು. ಗರಿಷ್ಠ 65,535 ತುಂಡು, ಅಂದರೆ ಸುಮಾರು 32 ಎಂಬಿ. ಕೆಲವು ಹಳೆಯ ಸರ್ವರ್ ಪ್ರೋಗ್ರಾಮ್‌ಗಳು 16 ಎಂಬಿಗೇ ಕೈಚೆಲ್ಲುತ್ತವೆ. ಆಜ್ಞೆ ಸರಿಯಾಗಿ ಕೊಟ್ಟರೂ ಅರ್ಧದಲ್ಲೇ ನಿಂತರೆ ತಪ್ಪು ರೂಟರ್‌ನದ್ದಲ್ಲ, ಸರ್ವರ್ ಪ್ರೋಗ್ರಾಮ್ ಬದಲಿಸಿ ನೋಡಬೇಕು.

ಈಥರ್‌ನೆಟ್ ದಾರಿಯೂ ಇಲ್ಲದಿದ್ದರೆ ಕನ್ಸೋಲ್ ತಂತಿಯಲ್ಲೇ ಎಕ್ಸ್‌ಮೋಡೆಮ್ ಮೂಲಕ ಕಡತ ಕಳಿಸಬಹುದು. ಇದನ್ನು 1977ರಲ್ಲಿ ಷಿಕಾಗೊದ ವಾರ್ಡ್ ಕ್ರಿಸ್ಟೆನ್ಸೆನ್ ಬರೆದರು, 128 ಬೈಟ್‌ನ ತುಂಡುಗಳಲ್ಲಿ ಕಡತ ಕಳಿಸುವ ಪದ್ಧತಿ. 9600ರ ವೇಗದಲ್ಲಿ ಸೆಕೆಂಡಿಗೆ 960 ಬೈಟ್. 30 ಎಂಬಿ ಕಡತಕ್ಕೆ ಲೆಕ್ಕ ಹಾಕಿದರೆ ಒಂಬತ್ತು ಗಂಟೆಯ ಹತ್ತಿರ ಬರುತ್ತದೆ. ಕಾನ್ಫ್‌ರೆಗ್ ಆಜ್ಞೆಗೆ ಸಂಖ್ಯೆ ಕೊಡದೆ ಬರಿದೇ ಎಂಟರ್ ಒತ್ತಿದರೆ ಅದು ಒಂದೊಂದೇ ಪ್ರಶ್ನೆ ಕೇಳುತ್ತ ಕನ್ಸೋಲ್ ವೇಗವನ್ನೂ ಕೇಳುತ್ತದೆ. ಅಲ್ಲಿ 115200 ಕೊಟ್ಟು ಲ್ಯಾಪ್‌ಟಾಪ್‌ನಲ್ಲೂ ಅದನ್ನೇ ಇಟ್ಟರೆ ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಈ ಒಂದು ಸಂಗತಿ ಗೊತ್ತಿದ್ದವರು ಮಧ್ಯಾಹ್ನ ಊಟದ ಹೊತ್ತಿಗೆ ಕೌಂಟರ್ ತೆರೆಸುತ್ತಾರೆ, ಗೊತ್ತಿಲ್ಲದವರು ಸಂಜೆಯವರೆಗೆ ಕಾಯುತ್ತ ಕೂರುತ್ತಾರೆ.

ಎಲ್ಲ ಪೆಟ್ಟಿಗೆಗಳೂ ಸಿಸ್ಕೊ ಅಲ್ಲ, ಆದರೆ ಎಲ್ಲದರಲ್ಲೂ ಇಂಥದ್ದೊಂದು ಕೆಳಮಟ್ಟದ ಪ್ರೋಗ್ರಾಮ್ ಇದ್ದೇ ಇರುತ್ತದೆ. ಜುನಿಪರ್‌ನಲ್ಲಿ ಲೋಡರ್, ಮೈಕ್ರೊಟಿಕ್‌ನಲ್ಲಿ ರೂಟರ್‌ಬೂಟ್. ಮನೆಯ ವೈಫೈ ರೂಟರ್‌ಗಳ ಒಳಗೆ ಹೆಚ್ಚಾಗಿ ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಶುರುಮಾಡಿದ ಯು-ಬೂಟ್ ಇರುತ್ತದೆ. ಆಜ್ಞೆಗಳು ಬೇರೆ, ತರ್ಕ ಒಂದೇ. ಒಂದರಲ್ಲಿ ಕೈ ಪಳಗಿದರೆ ಉಳಿದವು ದೊಡ್ಡ ಕಷ್ಟವಲ್ಲ.

ಈ ವಿದ್ಯೆಯ ಇನ್ನೊಂದು ಮುಖವನ್ನೂ ಹೇಳಲೇಬೇಕು. ಪಾಸ್‌ವರ್ಡ್ ಇಲ್ಲದೆ ನಾವು ಒಳಗೆ ಹೋಗಬಲ್ಲೆವಾದರೆ ಕಳ್ಳರೂ ಹೋಗಬಲ್ಲರು. 2015ರ ಆಗಸ್ಟ್‌ನಲ್ಲಿ ಸಿಸ್ಕೊ ಒಂದು ಎಚ್ಚರಿಕೆ ಕೊಟ್ಟಿತು: ಅಡ್ಮಿನ್ ಪಾಸ್‌ವರ್ಡ್ ಕೈವಶ ಮಾಡಿಕೊಂಡವರು ಅಸಲಿ ರಾಮ್‌ಮಾನ್ ತೆಗೆದು ತಮ್ಮ ನಕಲಿ ರಾಮ್‌ಮಾನ್ ಕೂರಿಸುತ್ತಿದ್ದಾರೆ ಎಂದು. ಮರುತಿಂಗಳು ಮ್ಯಾಂಡಿಯಂಟ್ ಸಂಸ್ಥೆ ಸಿನ್‌ಫುಲ್ ನಾಕ್ ಎಂಬ ದಾಳಿಯನ್ನು ಬಯಲು ಮಾಡಿತು. ಐಒಎಸ್ ಕಡತವನ್ನೇ ತಿದ್ದಿ ಒಳಗೆ ಗುಪ್ತದ್ವಾರ ಇಟ್ಟಿದ್ದರು, ಆಫ್ ಮಾಡಿ ಆನ್ ಮಾಡಿದರೂ ಅದು ಹೋಗುತ್ತಿರಲಿಲ್ಲ. ಆಗ ಸಿಕ್ಕ 14 ರೂಟರ್‌ಗಳು ನಾಲ್ಕು ದೇಶಗಳಲ್ಲಿದ್ದವು: ಉಕ್ರೇನ್, ಫಿಲಿಪ್ಪೀನ್ಸ್, ಮೆಕ್ಸಿಕೊ ಮತ್ತು ಭಾರತ. ಹೊಸ ರೂಟರ್‌ಗಳು ಏಳುವಾಗಲೇ ಡಿಜಿಟಲ್ ಸಹಿ ಪರೀಕ್ಷಿಸುತ್ತವೆ. 2019ರಲ್ಲಿ ರೆಡ್ ಬಲೂನ್ ಸೆಕ್ಯುರಿಟಿಯ ಸಂಶೋಧಕರು ಆ ಪರೀಕ್ಷೆಯಲ್ಲೂ ದೋಷ ತೋರಿಸಿದರು.

ರಾಮ್‌ಮಾನ್ ಬಾಗಿಲನ್ನೇ ಮುಚ್ಚುವ ಒಂದು ಸೆಟ್ಟಿಂಗ್ ಐಒಎಸ್‌ನಲ್ಲಿ ಇದೆ. ಅದನ್ನು ಹಾಕಿದರೆ ಬ್ರೇಕ್ ಕೊಟ್ಟವರಿಗೆ ಒಂದೇ ದಾರಿ, ಎಲ್ಲ ಸೆಟ್ಟಿಂಗ್ ಅಳಿಸಿ ಕಾರ್ಖಾನೆಯ ಸ್ಥಿತಿಗೆ ಹೋಗುವುದು. ಸೆಟ್ಟಿಂಗ್‌ನ ಪ್ರತಿ ಬೇರೆಡೆ ಭದ್ರವಾಗಿಲ್ಲದ ತಾಲ್ಲೂಕು ಕಚೇರಿಗೆ ಇದು ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿಗೆ ಬೇಕಾದದ್ದು ರ‍್ಯಾಕ್‌ಗೆ ಗಟ್ಟಿ ಬೀಗ, ಬೀಗದ ಕೀಲಿ ಯಾರ ಬಳಿ ಇದೆ ಎಂಬ ಲೆಕ್ಕ, ಯಾರು ಯಾವಾಗ ಕನ್ಸೋಲ್ ಹಾಕಿದರು ಎಂದು ಬರೆದಿಡುವ ಒಂದು ಪುಸ್ತಕ. ರೂಟರ್ ಮೇಲೆ ಕ್ಯಾಲೆಂಡರ್ ನೇತುಹಾಕಿ ಪಕ್ಕದಲ್ಲಿ ಚಹಾ ಲೋಟ ಇಡುವ ಕಚೇರಿಗಳಲ್ಲಿ ಪಾಸ್‌ವರ್ಡ್ ಎಷ್ಟು ಉದ್ದ ಇದ್ದರೂ ಒಂದೇ.

ಚಳ್ಳಕೆರೆಯ ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರ್‌ನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ಮನುಷ್ಯರ ಕೈ ತಾಗದೆ ರನ್‌ವೇ ಮೇಲೆ ಬಂದಿಳಿಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಇದೆ. ಇಷ್ಟು ವಿಜ್ಞಾನ ಬಂದಿಳಿದ ತಾಲ್ಲೂಕಿನಲ್ಲಿ ರೂಟರ್ ಎಬ್ಬಿಸುವ ಕೈಗಳಿಗೆ ಕೊರತೆ ಇರಬಾರದು. ಡಿಪ್ಲೊಮಾ, ಐಟಿಐ ಮಾಡಿದ ಮಕ್ಕಳು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಕಲಿಯಲು ದುಬಾರಿ ಲ್ಯಾಬ್ ಬೇಡ. ಸಿಸ್ಕೊ 1841, 2811ರಂತಹ, ಕಂಪನಿ ಬೆಂಬಲ ನಿಲ್ಲಿಸಿದ ಹಳೆಯ ಮಾದರಿಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಂತಹ ಕಡೆ ಸೆಕೆಂಡ್‌ಹ್ಯಾಂಡ್ ಸಿಗುತ್ತವೆ. ಅವನ್ನು ಕಚೇರಿಯ ಜಾಲಕ್ಕೆ ಹಾಕಬಾರದು, ಕಲಿಕೆಗೆ ಅವೇ ಚೆನ್ನ. ಐಒಎಸ್ ಅಳಿಸಿ ಮತ್ತೆ ತುಂಬುವುದು, ಪಾಸ್‌ವರ್ಡ್ ಮರೆತಂತೆ ಮಾಡಿ ಮತ್ತೆ ಒಳಗೆ ಹೋಗುವುದು, ಎಲ್ಲವನ್ನೂ ಹೆದರಿಕೆಯಿಲ್ಲದೆ ಮಾಡಬಹುದು. ಅದೂ ಇಲ್ಲದಿದ್ದರೆ ಪ್ಯಾಕೆಟ್ ಟ್ರೇಸರ್ ಎಂಬ ಉಚಿತ ಪ್ರೋಗ್ರಾಮ್ ಇದೆ, ಅದರಲ್ಲಿ ಪಾಸ್‌ವರ್ಡ್ ಮರಳಿ ಪಡೆಯುವ ಅಭ್ಯಾಸ ಮಾಡಬಹುದು.

ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಂದು ಬೀರುವಿನಲ್ಲಿ ಇವಿಷ್ಟು ಇರಲಿ: ಕನ್ಸೋಲ್ ಕೇಬಲ್, ಮೊದಲೇ ಪರೀಕ್ಷಿಸಿದ ಕನ್ವರ್ಟರ್, ಅಲ್ಲಿರುವ ರೂಟರ್‌ಗೆ ಸಲ್ಲುವ ಐಒಎಸ್ ಕಡತ ಇರುವ ಪೆನ್‌ಡ್ರೈವ್, ಸೆಟ್ಟಿಂಗ್‌ನ ಇತ್ತೀಚಿನ ಪ್ರತಿ, ಮತ್ತು ಕನ್ನಡದಲ್ಲಿ ಬರೆದ ಎರಡು ಪುಟದ ಕ್ರಮ. ಕನ್ನಡದಲ್ಲಿ ಎಂದು ಒತ್ತಿ ಹೇಳುತ್ತಿದ್ದೇನೆ. ಆಜ್ಞೆಗಳು ಇಂಗ್ಲಿಷಿನಲ್ಲೇ ಇರಲಿ, ಯಾವ ಆಜ್ಞೆ ಯಾವಾಗ, ಏಕೆ, ತಪ್ಪಿದರೆ ಏನಾಗುತ್ತದೆ ಎಂಬುದು ಮನೆಮಾತಿನಲ್ಲಿದ್ದರೆ ಗಾಬರಿಯ ಹೊತ್ತಿನಲ್ಲಿ ತಲೆ ಓಡುತ್ತದೆ.

ಆ ಕ್ರಮದ ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಕೆಲಸ ಮುಗಿದ ಮೇಲೆ ‘ಷೋ ವರ್ಷನ್’ ಆಜ್ಞೆ ಕೊಟ್ಟು ಪರದೆಯ ಕಟ್ಟಕಡೆಯ ಸಾಲು ಓದಿ. ಈಗ 2142, ಮುಂದಿನ ಸಲ ಏಳುವಾಗ 2102 ಎಂದು ಇದ್ದರೆ ಲ್ಯಾಪ್‌ಟಾಪ್ ಮುಚ್ಚಬಹುದು. ಬರಿ 2142 ಎಂದಿದ್ದರೆ ಕೇಬಲ್ ಕೀಳಬೇಡಿ.